ಮೊದಲ ವರ್ಷದ ಲ್ಯಾಬ್‌ನಲ್ಲೇ ಅನಿಶ್ಚಿತತೆಯ ಲೆಕ್ಕ ಕಲಿಸಬೇಕಾ?

ಪರ

ಲೋಲಕದ ಪ್ರಯೋಗ ನೆನಪಿದೆ ಅಲ್ವಾ? ದಾರಕ್ಕೆ ಗುಂಡು ಕಟ್ಟಿ, ತೂಗಲು ಬಿಟ್ಟು, ಸ್ಟಾಪ್‌ವಾಚ್ ಒತ್ತಿ, ಗುರುತ್ವದ ‘ಜಿ’ ಬೆಲೆ ಕಂಡುಹಿಡಿಯುವುದು. ಒಬ್ಬ ವಿದ್ಯಾರ್ಥಿಗೆ 9.6 ಬಂತು ಅಂತಿಟ್ಟುಕೊಳ್ಳಿ. ಪುಸ್ತಕದಲ್ಲಿ 9.8 ಇದೆ. ಅವನು ಮೊದಲು ಕೈ ಹಾಕುವುದು ರಬ್ಬರಿಗೆ. ಪೆನ್ಸಿಲ್‌ನಲ್ಲಿ ಬರೆದ ರೀಡಿಂಗ್ ಅಳಿಸಿ, ಪಕ್ಕದವನ ರೆಕಾರ್ಡ್ ನೋಡಿ, ‘ಅಡ್ಜಸ್ಟ್’ ಮಾಡುತ್ತಾನೆ. ಅದು ತಪ್ಪು ಅಂತ ಅವನಿಗೆ ಅನ್ನಿಸುವುದೂ ಇಲ್ಲ. ತನ್ನ 9.6 ಅನ್ನು ಎಷ್ಟು ನಂಬಬಹುದು ಅಂತ ತಿಳಿಯುವ ದಾರಿಯನ್ನೇ, ಅಂದರೆ ಅನಿಶ್ಚಿತತೆಯ ಲೆಕ್ಕವನ್ನೇ, ನಾವು ಅವನಿಗೆ ತೋರಿಸಿಲ್ಲ.

ತೋರಿಸುವುದು ಕಷ್ಟವೂ ಅಲ್ಲ. ಒಂದು ಮೀಟರ್ ಉದ್ದದ ಲೋಲಕ ಹೋಗಿ ಬರಲು ಸುಮಾರು 2 ಸೆಕೆಂಡ್ ಬೇಕು. ಸ್ಟಾಪ್‌ವಾಚ್ ಒತ್ತುವಾಗ ಕೈ ಒಂದು 0.2 ಸೆಕೆಂಡ್ ಹಿಂದೆ ಮುಂದೆ ಆಗಿಯೇ ಆಗುತ್ತದೆ. ಒಂದೇ ಆಂದೋಲನ ಅಳೆದರೆ ಕಾಲದಲ್ಲಿ ಶೇ. 10 ಅನಿಶ್ಚಿತತೆ. ಸೂತ್ರದಲ್ಲಿ ಕಾಲದ ವರ್ಗ ಇದೆ, ಹಾಗಾಗಿ ‘ಜಿ’ಯಲ್ಲಿ ಅದು ಶೇ. 20. ಉತ್ತರ 9.6 ± 2, ಅಂದರೆ 2ರಷ್ಟು ಹೆಚ್ಚೋ ಕಡಿಮೆಯೋ ಇರಬಹುದು! ಅದೇ 20 ಆಂದೋಲನ ಒಟ್ಟಿಗೆ ಅಳೆದರೆ 0.2 ಸೆಕೆಂಡ್ 40 ಸೆಕೆಂಡಿನಲ್ಲಿ ಕರಗಿಹೋಗುತ್ತದೆ. ‘ಜಿ’ಯಲ್ಲಿ ಉಳಿಯುವುದು ± 0.1 ಮಾತ್ರ. 20 ಎಣಿಸಿ ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಂತ ಹೇಳುವವರು ಎಷ್ಟು ಜನ?

ಭೌತವಿಜ್ಞಾನಿ ಲಾರ್ಡ್ ರೇಲಿಯ ಕಥೆ ನನಗೆ ತುಂಬಾ ಇಷ್ಟ. ಗಾಳಿಯಿಂದ ತೆಗೆದ ನೈಟ್ರೋಜನ್, ರಾಸಾಯನಿಕಗಳಿಂದ ತಯಾರಿಸಿದ ನೈಟ್ರೋಜನ್‌ಗಿಂತ ಸುಮಾರು ಶೇ. 0.5 ಜಾಸ್ತಿ ತೂಗುತ್ತಿತ್ತು. ನಮ್ಮ ವಿದ್ಯಾರ್ಥಿ ಆಗಿದ್ದರೆ ಅಳಿಸಿಬಿಡುತ್ತಿದ್ದ. ತನ್ನ ತೂಕದಲ್ಲಿ ಅಷ್ಟು ದೊಡ್ಡ ತಪ್ಪು ಆಗಲಾರದು ಅಂತ ರೇಲಿಗೆ ಗೊತ್ತಿತ್ತು. ಅವರು ಅದರ ಬೆನ್ನು ಬಿಡಲಿಲ್ಲ. 1894ರಲ್ಲಿ ರೇಲಿ ಮತ್ತು ರಸಾಯನವಿಜ್ಞಾನಿ ರಾಮ್ಸೆ ಇಬ್ಬರ ಕೈಗೆ, ಗಾಳಿಯ ನೈಟ್ರೋಜನ್ ಜೊತೆ ಬೆರೆತಿದ್ದ ಆರ್ಗಾನ್ ಎಂಬ ಹೊಸ ಅನಿಲ ಸಿಕ್ಕಿತು.

ವಿರೋಧ

20 ಆಂದೋಲನದ ಮಾತು ಒಪ್ಪಿದೆ. ಮೊದಲ ದಿನವೇ ಹೇಳಿಕೊಡಿ. ಅದಕ್ಕೆ ಸಂಖ್ಯಾಶಾಸ್ತ್ರ ಬೇಕಿಲ್ಲ, ಭಾಗಾಕಾರ ಸಾಕು. ನನ್ನ ತಕರಾರು ಅದರ ಹಿಂದೆಯೇ ಬರುವ ಮಾನಕ ವಿಚಲನೆ (ರೀಡಿಂಗ್‌ಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ), ಅದರ ಚಿಹ್ನೆ ಸಿಗ್ಮಾ, ಸೂತ್ರಗಳ ಸಾಲಿನ ಬಗ್ಗೆ.

ಅದೇ ಲೋಲಕ ನೋಡಿ. ಹುಡುಗಿಯೊಬ್ಬಳು ಶ್ರದ್ಧೆಯಿಂದ ಹತ್ತು ಸಲ ಅಳೆದಳು ಅನ್ನೋಣ. ಸರಾಸರಿ ತೆಗೆದಳು, ಸೂತ್ರ ಹಾಕಿದಳು, 9.65 ± 0.03 ಅಂತ ನೀಟಾಗಿ ಬರೆದಳು. ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯುವ ಬದಲು ಗುಂಡಿನ ಮೇಲ್ತುದಿಗೇ ನಿಲ್ಲಿಸಿದ್ದಾಳೆ. ಒಂದೂವರೆ ಸೆಂಟಿಮೀಟರ್ ಕಡಿಮೆ. ನೂರು ಸಲ ಅಳೆದರೂ ± ಚಿಕ್ಕದಾಗುತ್ತಾ ಹೋಗುತ್ತದೆ, 9.65 ಅಲ್ಲೇ ಕೂತಿರುತ್ತದೆ. ಅವಳಿಗೆ ಆಗ ಬೇಕಿದ್ದದ್ದು ಬಗ್ಗಿ ಗುಂಡನ್ನು ನೋಡುವ ಅಭ್ಯಾಸ.

ದೊಡ್ಡವರಿಗೂ ಹೀಗಾಗಿದೆ. 2011ರಲ್ಲಿ ಆಪೆರಾ ಎಂಬ ಭೌತಶಾಸ್ತ್ರ ಪ್ರಯೋಗದಲ್ಲಿ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡ್ ಮೊದಲೇ ಬಂದಂತೆ ಕಂಡವು. ಅಂತರ ಅನಿಶ್ಚಿತತೆಯ ಆರು ಪಟ್ಟು. ಕೊನೆಗೆ ಸಿಕ್ಕ ಮುಖ್ಯ ಕಾರಣ, ಸರಿಯಾಗಿ ಕೂರದ ಒಂದು ಫೈಬರ್ ಕೇಬಲ್.

ಇನ್ನು ಪ್ರಾಕ್ಟಿಕಲ್‌ನಲ್ಲಿ ಹೆಚ್ಚಾಗಿ ತೆಗೆಯುವುದು ಮೂರೇ ರೀಡಿಂಗ್. ಮೂರರಿಂದ ಬಂದ ಮಾನಕ ವಿಚಲನೆಯಲ್ಲೇ ಸುಮಾರು ಶೇ. 50 ಅನಿಶ್ಚಿತತೆ ಇರುತ್ತದೆ. ಅದನ್ನು ನಾಲ್ಕು ದಶಾಂಶದವರೆಗೆ ಬರೆಸಿ ಏನು ಕಲಿಸಿದ ಹಾಗಾಯಿತು?

ಮೊದಲ ವರ್ಷ ನಾನಾದರೆ ಇಬ್ಬರಿಗೆ ಒಂದೇ ತಂತಿ, ಅದರ ದಪ್ಪ ಅಳೆಯಲು ಒಂದೇ ಸ್ಕ್ರೂಗೇಜ್ ಕೊಡುತ್ತೇನೆ. ಒಬ್ಬ ಬಲವಾಗಿ ಬಿಗಿಯುತ್ತಾನೆ, ಇನ್ನೊಬ್ಬ ತುದಿಯ ರ‍್ಯಾಚೆಟ್ ಟಕ್ ಟಕ್ ಅನ್ನುವಲ್ಲಿಗೆ ನಿಲ್ಲಿಸುತ್ತಾನೆ. ರೀಡಿಂಗ್ ಬೇರೆ ಬೇರೆ ಬರುತ್ತದೆ. ಯಾರದ್ದು ಸರಿ ಅಂತ ಅವರೇ ಕೂತು ವಾದ ಮಾಡಲಿ. ಸಿಗ್ಮಾ ಎರಡನೇ ವರ್ಷಕ್ಕಿರಲಿ.