ಕಂಬಿ ಇಲ್ಲದ ಕಿಟಕಿ

ಅಮ್ಮ ಮೊದಲ ಸಲ ಅಮೆರಿಕದ ನ್ಯೂಜೆರ್ಸಿಯ ಎಡಿಸನ್ನಿಗೆ ಬಂದಾಗ, ಮನೆಯೊಳಗೆ ಕಾಲಿಟ್ಟವರೇ ನೇರ ಕಿಟಕಿಯ ಹತ್ತಿರ ಹೋದರು. ಗಾಜನ್ನು ಬೆರಳಲ್ಲಿ ತಟ್ಟಿ, "ಕಂಬಿನೇ ಇಲ್ವಲ್ಲೋ! ಒಂದು ಕಲ್ಲು ಹೊಡೆದ್ರೆ ಮುಗೀತು" ಅಂದರು. ಆಮೇಲೆ ಗೋಡೆ ತಟ್ಟಿದರು. ಡಬ್ ಡಬ್ ಅಂತು. ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಬಡಿದು ಮಾಡಿದ ಗೋಡೆ ಅಂತ ವಿವರಿಸಿದೆ. "ಇದಕ್ಕಾ ಮೂವತ್ತು ವರ್ಷದ ಸಾಲ?" ಅಂತ ಕೇಳಿ ಸೂಟ್‌ಕೇಸ್ ಬಿಚ್ಚೋಕೆ ಹೋದರು.

ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ಕಿಟಕಿಗೆಲ್ಲ ಬೆರಳು ದಪ್ಪದ ಕಂಬಿ, ಮುಂಬಾಗಿಲಿಗೆ ಚಿಲಕ, ಅಗುಳಿ, ಅದರಾಚೆ ಕಬ್ಬಿಣದ ಗ್ರಿಲ್, ಅದಕ್ಕೊಂದು ಬೀಗ. ಹಿತ್ತಿಲ ಕಾಂಪೌಂಡಿನ ಮೇಲೆ ಒಡೆದ ಬಾಟಲಿ ಚೂರುಗಳನ್ನು ಸಿಮೆಂಟಿನಲ್ಲಿ ನೆಟ್ಟಿದ್ದರು. ರಾತ್ರಿ ಗೂರ್ಖಾ ಲಾಠಿ ಕುಟ್ಟಿಕೊಂಡು ಸೀಟಿ ಊದುತ್ತ ಹೋಗುತ್ತಿದ್ದ. ತಿಂಗಳ ಮೊದಲ ವಾರ ದುಡ್ಡಿಗೆ ಬಂದಾಗಲೇ ಅವನ ಮುಖ ಕಾಣುತ್ತಿದ್ದದ್ದು. ಇಷ್ಟೆಲ್ಲ ಇಟ್ಟುಕೊಂಡು ನಾವು ಮಧ್ಯಾಹ್ನ ಮುಂಬಾಗಿಲು ತೆರೆದೇ ಮಲಗುತ್ತಿದ್ದೆವು.

ಇಲ್ಲಿ ಕಿಟಕಿಗೆ ಕಂಬಿ ಹಾಕಿಸುವವರು ಕಡಿಮೆ. ಬೆಂಕಿ ಬಿದ್ದಾಗ ಮಲಗುವ ಕೋಣೆಯ ಕಿಟಕಿಯಿಂದ ಮನುಷ್ಯ ಹೊರಗೆ ಹಾರುವಂತಿರಬೇಕು ಎನ್ನುತ್ತದೆ ಕಟ್ಟಡ ನಿಯಮ. ಮರದ ಮನೆ, ಬೆಂಕಿಯ ಭಯವೇ ದೊಡ್ಡದು. ನಮ್ಮಲ್ಲಿ ಒಳಗೆ ಬರುವವನ ಲೆಕ್ಕ, ಇಲ್ಲಿ ಹೊರಗೆ ಹೋಗುವವನ ಲೆಕ್ಕ. ಅಮ್ಮನಿಗೆ ಇದನ್ನು ಹೇಳಿದೆ. ಅವರೇನೂ ಒಪ್ಪಲಿಲ್ಲ.

ಈ ಮನೆ ಕೊಳ್ಳುವಾಗ ದಲ್ಲಾಳಿಯನ್ನು ಕೇಳಿದ ಮೊದಲ ಪ್ರಶ್ನೆಯೇ, "ಈ ಏರಿಯಾ ಸೇಫಾ?" ಆಕೆ ನಕ್ಕು, ಅದನ್ನು ಹೇಳುವ ಹಾಗಿಲ್ಲ, ಪೊಲೀಸರ ಅಂಕಿಅಂಶ ನೀವೇ ನೋಡಿಕೊಳ್ಳಿ ಅಂದಳು. ನನಗೆ ಸಿಟ್ಟು ಬಂತು. ಇಷ್ಟು ಕಮಿಷನ್ ತಗೊಂಡು ಇದೊಂದು ಹೇಳಬಾರದಾ? ಕಾರಣ ಆಮೇಲೆ ತಿಳಿಯಿತು. ಚರ್ಮದ ಬಣ್ಣ ನೋಡಿ ಗಿರಾಕಿಯನ್ನು ಒಂದು ಬಡಾವಣೆಗೆ ತಳ್ಳುವುದು, ಇನ್ನೊಂದರಿಂದ ದೂರ ಇಡುವುದು ಈ ದೇಶದಲ್ಲಿ ದಶಕಗಟ್ಟಲೆ ನಡೆದ ದಂಧೆ. 1968ರ ಕಾನೂನು ಅದನ್ನು ನಿಷೇಧಿಸಿತು. 'ಸೇಫ್' ಅನ್ನುವ ಪದದೊಳಗೆ ಆ ಹಳೆಯ ವಿಂಗಡಣೆಯೇ ಅಡಗಿ ಕೂತಿರುತ್ತದೆ ಅಂತ ದಲ್ಲಾಳಿಗಳು ಬಾಯಿ ಕಟ್ಟಿಕೊಳ್ಳುತ್ತಾರೆ. 2021ರ ಡಿಸೆಂಬರಿನಲ್ಲಿ ಮನೆ ಮಾರಾಟದ ದೊಡ್ಡ ಜಾಲತಾಣವೊಂದು ತನ್ನ ನಕ್ಷೆಯಿಂದ ಅಪರಾಧದ ಪದರವನ್ನೇ ತೆಗೆದುಹಾಕಿತು. ಇನ್ನೊಂದು ಅಂಥದ್ದನ್ನು ಸೇರಿಸುವುದೇ ಇಲ್ಲ ಅಂದಿತು.

ಅದೇ ಮೈಸೂರಿನಲ್ಲಿ ನನ್ನ ಸ್ನೇಹಿತ ಬಾಡಿಗೆ ಮನೆ ಹುಡುಕುವಾಗ ಮಾಲೀಕರು ಗೇಟಿನಲ್ಲೇ ನಿಲ್ಲಿಸಿ "ನೀವು ಯಾವ ಜನ?" ಅಂತ ಕೇಳಿದ್ದು, ಉತ್ತರ ಕೇಳಿದ ಮೇಲೆ ಮನೆ ಇದ್ದಕ್ಕಿದ್ದಂತೆ 'ಆಗಲೇ ಕೊಟ್ಟಾಗಿದೆ' ಆಗಿದ್ದು ಬೇರೆ ಮಾತು. ನಮ್ಮಲ್ಲಿ ಅದಕ್ಕೂ 'ಒಳ್ಳೇ ಏರಿಯಾ' ಅಂತಲೇ ಹೆಸರು.

ಸರಿ, ಅಂಕಿಅಂಶ ನೋಡೋಣ ಅಂತ ಕೂತೆ. ಎಡಿಸನ್ ಸಣ್ಣ ಊರೇನಲ್ಲ. 2020ರ ಜನಗಣತಿಯಲ್ಲಿ 1,07,588 ಜನ, ಸುಮಾರು ಅರ್ಧದಷ್ಟು ಏಷ್ಯಾ ಮೂಲದವರು. ಓಕ್ ಟ್ರೀ ರೋಡಿನಲ್ಲಿ ನಡೆದರೆ ದೋಸೆ, ಸೀರೆ, ಚಿನ್ನ ಎಲ್ಲ ಸಿಗುತ್ತವೆ. ಅಪರಾಧ ದರವನ್ನು ಲಕ್ಷ ಜನಸಂಖ್ಯೆಗೆ ಇಷ್ಟು ಅಂತ ಹೇಳುತ್ತಾರೆ. ಈ ಲೆಕ್ಕದಲ್ಲಿ ನಮ್ಮ ಊರಿಗೊಂದು ತಮಾಷೆಯ ತೊಡಕಿದೆ. ರೂಟ್ 1ರ ಪಕ್ಕ ಮೆನ್ಲೋ ಪಾರ್ಕ್ ಮಾಲ್ ಇದೆ. ಎಲ್ಲಿಂದಲೋ ಬಂದವನು ಅಂಗಡಿಯಿಂದ ಒಂದು ಜೊತೆ ಶೂ ಎತ್ತಿಕೊಂಡು ಓಡಿದರೂ ಆ ಕಳ್ಳತನ ಎಡಿಸನ್ ಖಾತೆಗೆ. ಆದರೆ ಭಾಗಿಸುವಾಗ ಕೆಳಗೆ ಬರುವುದು ಊರಲ್ಲಿ ವಾಸ ಇರುವವರ ಸಂಖ್ಯೆ ಮಾತ್ರ. ಮಾಲಿಗೆ ಬಂದು ಹೋಗುವ ಸಾವಿರಾರು ಜನ ಅಲ್ಲಿ ಇಲ್ಲ. ಮಾಲ್ ಇಲ್ಲದ ಪಕ್ಕದ ಊರು ಹಾಗಾಗಿ ಸಾಧುವಾಗಿ ಕಾಣುತ್ತದೆ. 'ಸುರಕ್ಷಿತ ಊರುಗಳ ಪಟ್ಟಿ' ಅಂತ ವರ್ಷವರ್ಷ ಬರುವುದನ್ನು ವಾಟ್ಸ್ಯಾಪ್ ಗುಂಪಿನಲ್ಲಿ ಹಂಚುವವರು ಇದನ್ನು ನೋಡುವುದಿಲ್ಲ.

ಭಾರತದ ಲೆಕ್ಕದ ತೊಡಕು ಬೇರೆ ಥರದ್ದು. ದೇಶದ ಅಪರಾಧಗಳ ಲೆಕ್ಕ ಇಡುವ ಸರ್ಕಾರಿ ಸಂಸ್ಥೆ ಎನ್‌ಸಿಆರ್‌ಬಿ ತನ್ನ ವಾರ್ಷಿಕ ವರದಿಯಲ್ಲೇ ಎಚ್ಚರಿಸುತ್ತದೆ: ಅಪರಾಧ ಹೆಚ್ಚುವುದೂ, ಪೊಲೀಸರು ಅಪರಾಧ ದಾಖಲಿಸುವುದು ಹೆಚ್ಚುವುದೂ ಒಂದೇ ಅಲ್ಲ. ಮಲೆನಾಡಿನ ನಮ್ಮ ನೆಂಟರೊಬ್ಬರ ಅಂಗಳದಿಂದ ಒಣಗಲು ಹಾಕಿದ್ದ ಅಡಿಕೆ ಎರಡು ಮೂಟೆ ಹೋಯಿತು. ಅಡಿಕೆಗೆ ಬೆಲೆ ಬಂದ ವರ್ಷ ಇದು ಅಲ್ಲಿ ಮಾಮೂಲು. ಠಾಣೆಗೆ ಹೋದರೆ, ಎಫ್‌ಐಆರ್ ಆದರೆ ಕೋರ್ಟಿಗೆ ಓಡಾಡಬೇಕಾಗುತ್ತೆ ನೋಡಿ, ಒಂದು ಅರ್ಜಿ ಬರೆದುಕೊಟ್ಟು ಹೋಗಿ ಅಂದರಂತೆ. ಆ ಎರಡು ಮೂಟೆ ಯಾವ ಲಕ್ಷದ ಲೆಕ್ಕಕ್ಕೂ ಸೇರಲಿಲ್ಲ. ಆ ತಾಲ್ಲೂಕು ಕಾಗದದ ಮೇಲೆ ಎಡಿಸನ್ನಿಗಿಂತ ಶಾಂತ.

ಇಲ್ಲಿ ನಮ್ಮವರ ಮನೆಗೆ ಬೀಳುವ ಕಳ್ಳರು ಬರುವುದು ಚಿನ್ನಕ್ಕೆ. ಭಾರತೀಯರ ಮನೆಯಲ್ಲಿ ಬಂಗಾರ ಇರುತ್ತದೆ, ಬೀರುವಿನಲ್ಲೇ ಇರುತ್ತದೆ ಎಂಬುದು ಕಳ್ಳರಿಗೂ ಗೊತ್ತು, ಪೊಲೀಸರಿಗೂ ಗೊತ್ತು. ದೀಪಾವಳಿ ಹತ್ತಿರ ಬಂದಾಗ ಮನೆಯಲ್ಲಿ ಒಡವೆ ಇಡಬೇಡಿ ಅಂತ ಎಚ್ಚರಿಕೆಗಳು ಶುರುವಾಗುತ್ತವೆ. ಹೊತ್ತೂ ನಮ್ಮ ಹೊತ್ತೇ: ಗಂಡಹೆಂಡತಿ ಆಫೀಸಿಗೆ, ಮಕ್ಕಳು ಶಾಲೆಗೆ ಹೋದ ಹಾಡಹಗಲು, ಇಲ್ಲವೇ ನವರಾತ್ರಿಯ ಗರ್ಬಾಕ್ಕೆ ಬೀದಿಗೆ ಬೀದಿಯೇ ಹೋದ ಸಂಜೆ. ಬಹಳ ಜನಕ್ಕೆ ಗೊತ್ತಿಲ್ಲದ್ದೊಂದಿದೆ. ಸಾಮಾನ್ಯ ಗೃಹವಿಮೆಯಲ್ಲಿ ಒಡವೆ ಕಳವಾದರೆ ಸಿಗುವುದು ಹೆಚ್ಚಿನ ಪಾಲಿಸಿಗಳಲ್ಲಿ ಬರೀ 1,500 ಡಾಲರ್ ಆಸುಪಾಸು. ಒಂದು ಜೊತೆ ಬಳೆಗೂ ಸಾಲದು. ಬೇರೆಯಾಗಿ ಪಟ್ಟಿ ಮಾಡಿಸಿ, ಬೆಲೆ ಕಟ್ಟಿಸಿ, ಹೆಚ್ಚು ಕಂತು ಕಟ್ಟಬೇಕು. ಬ್ಯಾಂಕಿನ ಲಾಕರಿನಲ್ಲಿಟ್ಟರೂ ಖಾತೆಯ ಹಣಕ್ಕಿರುವ ಸರ್ಕಾರಿ ವಿಮೆ ಲಾಕರಿನ ಒಳಗಿದ್ದದ್ದಕ್ಕೆ ಇಲ್ಲ. ನಮ್ಮ ಕನ್ನಡ ಕೂಟದಲ್ಲಿ ಇದನ್ನು ಹೇಳಿದಾಗ ಒಬ್ಬರು, "ಅಜ್ಜಿ ಕೊಟ್ಟ ಅಡ್ಡಿಕೆ ಸರಕ್ಕೆ ಬೆಲೆ ಕಟ್ಟೋನು ಯಾರ್ರೀ?" ಅಂದರು. ನ್ಯಾಯವಾದ ಪ್ರಶ್ನೆ.

ಕಾರಿನ ಕತೆ ಬೇಗ ಹೇಳಿಬಿಡುತ್ತೇನೆ. ಕೀಲಿಯನ್ನು ಕಾರಿನೊಳಗೇ ಬಿಟ್ಟು ಮಲಗುತ್ತಾರೆ, ಬೆಳಿಗ್ಗೆ ಕಾರು ಇರುವುದಿಲ್ಲ. ದಯವಿಟ್ಟು ಕೀಲಿ ಒಳಗೆ ತನ್ನಿ ಅಂತ ಪೊಲೀಸರು ಅಂಗಲಾಚುತ್ತಾರೆ. ಸುರಕ್ಷಿತ ಊರು ಅನ್ನುವ ನಂಬಿಕೆ ಮನುಷ್ಯನನ್ನು ಎಷ್ಟು ಸೋಮಾರಿ ಮಾಡುತ್ತದೆ ಅಂದರೆ ಬೀಗ ಹಾಕುವುದೂ ಅವಮಾನ ಅನಿಸುತ್ತದೆ.

ಈ ಪಟ್ಟಿಗಳಲ್ಲಿ ಕಾಣದ ಅಪಾಯವೇ ನನ್ನನ್ನು ಹೆಚ್ಚು ಕಾಡುವುದು. ಇಲ್ಲಿಂದ ದೂರವಿಲ್ಲದ ಜೆರ್ಸಿ ಸಿಟಿಯಲ್ಲಿ 1987ರಲ್ಲಿ 'ಡಾಟ್‌ಬಸ್ಟರ್ಸ್' ಅನ್ನುವ ಗುಂಪು ಪತ್ರಿಕೆಗೆ ಕಾಗದ ಬರೆದು ಭಾರತೀಯರನ್ನು ಓಡಿಸುತ್ತೇವೆ ಅಂತ ಸಾರಿತು. ಡಾಟ್ ಅಂದರೆ ನಮ್ಮ ಹೆಂಗಸರ ಹಣೆಯ ಕುಂಕುಮ. ಅದೇ ವರ್ಷ ಪಕ್ಕದ ಹೋಬೋಕನ್‌ನಲ್ಲಿ ನವ್ರೋಜ್ ಮೋದಿ ಎಂಬ ಭಾರತೀಯ ಯುವಕನನ್ನು ಹುಡುಗರ ಗುಂಪೊಂದು ಬಡಿದು ಕೊಂದಿತು. ಆಗ ಇಲ್ಲಿದ್ದ ಹಿರಿಯರು ಹೆಂಡತಿಯರಿಗೆ ಕುಂಕುಮ ಅಳಿಸಿ ಬಸ್ಸು ಹತ್ತಲು ಹೇಳುತ್ತಿದ್ದುದನ್ನು ಇಂದಿಗೂ ನೆನೆಯುತ್ತಾರೆ.

ಇನ್ನೊಂದು 2015ರದು. ಅಲಬಾಮದ ಮ್ಯಾಡಿಸನ್ ಎಂಬ ಉಪನಗರ, ಅಚ್ಚುಕಟ್ಟು ಹುಲ್ಲುಹಾಸಿನ ಬೀದಿ. ಮೊಮ್ಮಗನನ್ನು ನೋಡಿಕೊಳ್ಳಲು ಬಂದಿದ್ದ 57 ವರ್ಷದ ಗುಜರಾತಿನ ರೈತ ಬೆಳಿಗ್ಗೆ ವಾಕಿಂಗ್ ಹೊರಟಿದ್ದ. ಯಾರೋ ಅನುಮಾನದ ವ್ಯಕ್ತಿ ಓಡಾಡುತ್ತಿದ್ದಾನೆ ಅಂತ ಬೀದಿಯವನೊಬ್ಬ ಪೊಲೀಸರಿಗೆ ಫೋನ್ ಮಾಡಿದ. ಬಂದ ಪೊಲೀಸ್ ಅಧಿಕಾರಿ, ಇಂಗ್ಲಿಷ್ ಬಾರದ ಆತನನ್ನು ನೆಲಕ್ಕೆ ಅಪ್ಪಳಿಸಿದ. ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲು ಭಾಗಶಃ ಸ್ವಾಧೀನ ತಪ್ಪಿದವು. ಅಧಿಕಾರಿಯ ಮೇಲಿನ ಮೊಕದ್ದಮೆಯಲ್ಲಿ ಎರಡು ಸಲವೂ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಕೊನೆಗೆ ನ್ಯಾಯಾಧೀಶರು ಖುಲಾಸೆ ಮಾಡಿದರು. ಆ ಬೀದಿಯನ್ನು ಸುರಕ್ಷಿತವಾಗಿಡಲು ಮಾಡಿದ ಫೋನು ಅದು.

ಅಂದಿನಿಂದ ಅಪ್ಪ ಇಲ್ಲಿಗೆ ಬಂದಾಗಲೆಲ್ಲ ಅವರ ಅಂಗಿ ಜೇಬಿಗೆ ಒಂದು ಚೀಟಿ ಹಾಕುತ್ತೇನೆ: ಹೆಸರು, ಈ ಮನೆಯ ವಿಳಾಸ, ನನ್ನ ಫೋನ್ ನಂಬರು. ಯಾರಾದರೂ ಕೂಗಿದರೆ ಓಡಬೇಡಿ, ಕೈ ಜೇಬಿಗೆ ಹಾಕಬೇಡಿ ಅಂತಲೂ ಹೇಳುತ್ತೇನೆ. "ಜೇಬಿಗೆ ಕೈ ಹಾಕಬಾರದು ಅಂದ್ಮೇಲೆ ಚೀಟಿ ಯಾತಕ್ಕೋ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಂತ ಊರಿನ ಕಣ್ಣುಗಳನ್ನು ಹೊಗಳುವಷ್ಟು ಮರೆವೂ ನನಗಿಲ್ಲ. ಕುವೆಂಪುನಗರದಲ್ಲಿ ಎದುರುಮನೆಯವರು ನಮ್ಮ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು, ಅಕ್ಕನನ್ನು ಯಾರು ಬೈಕಿನಲ್ಲಿ ಬಿಟ್ಟುಹೋದರು ಎಲ್ಲ ಬಲ್ಲರು. ಉಂಗುರ ಕಾಣದಾದಾಗ ಮೊದಲು ಅನುಮಾನ ಬಿದ್ದದ್ದು ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸಿನ ಮೇಲೆ. ಉಂಗುರ ಸಿಕ್ಕಿದ್ದು ಅಕ್ಕಿ ಡಬ್ಬಿಯಲ್ಲಿ. ಅವರ ಕ್ಷಮೆ ಯಾರೂ ಕೇಳಲಿಲ್ಲ. ಆದರೂ ಬಾಗಿಲ ಮುಂದೆ ಎರಡು ದಿನ ರಂಗೋಲಿ ಬೀಳದಿದ್ದರೆ, ಪೇಪರು ಗೇಟಿನಲ್ಲೇ ಬಿದ್ದಿದ್ದರೆ, ಕಳ್ಳನಿಗಿಂತ ಮೊದಲು ಅದು ಎದುರುಮನೆಯವರ ಕಣ್ಣಿಗೆ ಬೀಳುತ್ತದೆ. ಊರಿಗೆ ಹೋಗುವಾಗ ಅಪ್ಪ ಕೀಲಿ ಕೊಡುವುದು ಅವರಿಗೇ. ಬೈದುಕೊಂಡೇ ಕೊಡುತ್ತಾರೆ. ಎರಡರಲ್ಲೊಂದನ್ನು ಆರಿಸು ಅಂದರೆ, ಮೂವತ್ತರ ವಯಸ್ಸಿನಲ್ಲಿ ನಾನು ಎಡಿಸನ್ನಿನ ಮೌನವನ್ನೇ ಆರಿಸಿದ್ದೆ. ಈಗ ಐವತ್ತು ಹತ್ತಿರ. ಆ ಎದುರುಮನೆಯ ಕಣ್ಣು ಬೇಕು ಅನಿಸುತ್ತಿದೆ, ಅದರ ಬಾಯಿ ಸಮೇತ.

ಈ ಡಿಸೆಂಬರಿನಲ್ಲಿ ಒಂದು ತಿಂಗಳು ಮೈಸೂರಿಗೆ ಹೊರಟಿದ್ದೇವೆ. ಖಾಲಿ ಮನೆಯ ಮೇಲೆ ಗಸ್ತಿನವರು ಕಣ್ಣಿಡಲಿ ಅಂತ ಪೊಲೀಸರಿಗೆ ಕೊಡುವ ಒಂದು ಅರ್ಜಿ ತುಂಬುತ್ತಿದ್ದೆ. ಯಾವ ದೀಪ ಉರಿಯುತ್ತಿರುತ್ತದೆ, ಯಾವ ಕಾರು ನಿಂತಿರುತ್ತದೆ, ಎಲ್ಲ ಬರೆದೆ. ಕೀಲಿ ಇರುವ ಹತ್ತಿರದ ವ್ಯಕ್ತಿ ಯಾರು ಅನ್ನುವ ಕಾಲಮ್ಮಿಗೆ ಬಂದು ಕೈ ನಿಂತಿತು. ಹನ್ನೊಂದು ವರ್ಷವಾಯಿತು ಈ ಮನೆಗೆ ಬಂದು. ಬರೆಯಬಹುದಾದ ಹೆಸರು ನೆನಪಾಗಿದ್ದು ನಲವತ್ತು ನಿಮಿಷ ದೂರದ ಪ್ರಿನ್ಸ್‌ಟನ್ನಿನ ಒಬ್ಬ ಹಾಸನದವನದು.

ಹೆಂಡತಿ ಒಂದು ಡಬ್ಬಿಯಲ್ಲಿ ಚಕ್ಕುಲಿ ಹಾಕಿ ಕೈಗೆ ಕೊಟ್ಟು, ಹೋಗಿ ಕೇಳಿ ನೋಡಿ ಅಂದಳು. ಪಕ್ಕದ ಮನೆಗೆ ಹೋಗಿ ಬೆಲ್ ಒತ್ತಿದೆ. ಬೆಲ್ಲಿನ ಸುತ್ತ ನೀಲಿ ದೀಪ ತಿರುಗಿತು. ಬಾಗಿಲು ತೆಗೆಯಲಿಲ್ಲ, ಬೆಲ್ಲೇ ಮಾತಾಡಿತು: ಯಾರು, ಏನು ಬೇಕಿತ್ತು?

"ನಾನು ಪಕ್ಕದ ಮನೆಯವನು" ಅಂದೆ.

ಒಂದು ಕ್ಷಣ ಸುಮ್ಮನಿದ್ದು, ಯಾವ ಪಕ್ಕ ಅಂತ ಕೇಳಿತು.