ಡಾಕ್ಟರ್ ಬರುವ ಹೊತ್ತು

"ಸುಮಾರು ಮೂರು ಗಂಟೆ" ಅಂದೆ. ನರ್ಸ್ ಬರೆಯುವುದನ್ನು ನಿಲ್ಲಿಸಿದಳು. ಸುಮಾರು ಬೇಡ, ಕೊನೆಯ ಲೋಟ ಮುಗಿಸಿದ್ದು ಎಷ್ಟಕ್ಕೆ ಅಂತ ಸರಿಯಾಗಿ ಹೇಳಿ ಅಂದಳು. ಬೀಳಗಿ ಕಡೆಯವನು ನಾನು, ನಲವತ್ತಾರು ವರ್ಷ 'ಸುಮಾರು' ಮೇಲೇ ಬದುಕಿದವನು. ಸ್ವಲ್ಪ ಸಿಟ್ಟೇ ಬಂತು.

ಇಲ್ಲಿ ಅಮೆರಿಕದಲ್ಲಿ 45 ತುಂಬಿದರೆ, ಏನೂ ತೊಂದರೆ ಇಲ್ಲದಿದ್ದರೂ, ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ ಮಾಡಿಸಿ ಅಂತಾರೆ. ಮುಂಚೆ 50 ಇತ್ತು, 2021ರಲ್ಲಿ ತಜ್ಞರ ಸಮಿತಿ ಇಳಿಸಿತು. ನಾನು ಮಾಡಿಸಿದ್ದು ಕೊಲೊನೋಸ್ಕೋಪಿ, ಅಂದರೆ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವುದು. ಅದಕ್ಕೆ ಹೊಟ್ಟೆ ತೊಳೆಯುವ ಆ ಉಪ್ಪುಪ್ಪು ನೀರನ್ನು ಅರ್ಧ ಹಿಂದಿನ ಸಂಜೆ ಕುಡಿಯಬೇಕು, ಉಳಿದರ್ಧ ಪರೀಕ್ಷೆಗೆ ನಾಲ್ಕೈದು ತಾಸು ಮುಂಚೆ. ನನ್ನದು ಬೆಳಗ್ಗೆ ಏಳೂವರೆಗೆ. ಅಂದರೆ ರಾತ್ರಿ ಎರಡೂವರೆಗೆ ಅಲಾರಂ. ಮನೆಯವರೆಲ್ಲ ಮಲಗಿದ್ದಾಗ ಅಡುಗೆಮನೆಯಲ್ಲಿ ಒಬ್ಬನೇ ನಿಂತು ಕುಡಿಯುತ್ತಾ ಬೈದುಕೊಂಡಿದ್ದೆ.

ಆಗಲೇ ಕಾಕಾ ನೆನಪಾದದ್ದು. ರಕ್ತ ಕಡಿಮೆ ಆಗಿದೆ, ಕರುಳು ನೋಡೋಣ ಅಂತ ಅವರನ್ನು ಬಾಗಲಕೋಟೆ ನವನಗರದ ಒಂದು ಆಸ್ಪತ್ರೆಗೆ ಬರಹೇಳಿದ್ದರು. ನಾನು ಊರಲ್ಲೇ ಇದ್ದೆ, ಜೊತೆಗೆ ಹೋದೆ. ಪುಡಿ ಕಲಸಿದ ಎರಡು ಲೀಟರನ್ನೂ ರಾತ್ರಿ ಒಂಬತ್ತರೊಳಗೆ ಮುಗಿಸಿ, ಬೆಳಗ್ಗೆ ಎಂಟಕ್ಕೆ ಬನ್ನಿ ಅಂದಿದ್ದರು. ಎಂಟಕ್ಕೇ ಹೋದೆವು. ಡಾಕ್ಟರ್ ಬರುವುದು ಹುಬ್ಬಳ್ಳಿಯಿಂದ, ವಾರಕ್ಕೆ ಎರಡೇ ದಿನ. ಒಂಬತ್ತಾಯಿತು, ಹನ್ನೊಂದಾಯಿತು. ಕೌಂಟರಿನ ಹುಡುಗಿ ಪ್ರತಿ ಸಲವೂ "ಬರಾಕತ್ತಾರ್ರೀ" ಅಂತಾಳೆ. ಎಪ್ಪತ್ತರ ಮನುಷ್ಯ, ಹೊಟ್ಟೆಯಲ್ಲಿ ಏನಿಲ್ಲ, ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಕಾಕಾನ ಪಾಳಿ ಬಂದಿದ್ದು ಎರಡೂವರೆ ದಾಟಿದ ಮೇಲೆ. ಹತ್ತು ನಿಮಿಷಕ್ಕೆ ಹೊರಗೆ ಬಂದ ಡಾಕ್ಟರ್, ಬಲಗಡೆ ಸರಿಯಾಗಿ ಕಾಣಲಿಲ್ಲ, ಇನ್ನೊಮ್ಮೆ ಮಾಡಬೇಕು ಅಂದರು. ಕಾಕಾ ಏನೂ ಅನ್ನಲಿಲ್ಲ. ನಮ್ಮ ಕಡೆ ಡಾಕ್ಟರ್ ಬಂದದ್ದೇ ಉಪಕಾರ, ತಡ ಆಯಿತು ಅಂತ ಕೇಳುವವರು ಯಾರು?

ಇಲ್ಲಿ ನನ್ನ ಡಾಕ್ಟರಿಗೆ ಈ ಕಥೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ತೊಳೆದ ಮೇಲೆ ತಾಸುಗಟ್ಟಲೆ ಬಿಟ್ಟರೆ ಸಣ್ಣ ಕರುಳಿನ ಪಿತ್ತದ ರಸ ಇಳಿದು ಬಲಗಡೆಯ ಗೋಡೆಗೆ ಅಂಟುತ್ತದಂತೆ. ಮುಂದೆ ಕ್ಯಾನ್ಸರ್ ಆಗಬಹುದಾದ ಚಪ್ಪಟೆ ಗಂಟುಗಳು ಜಾಸ್ತಿ ಇರುವುದೂ ಅಲ್ಲೇ. ಕಾಕಾ ಕೊನೆಯ ಲೋಟ ಕುಡಿದು ಹದಿನೇಳು ತಾಸಿನ ಮೇಲಾಗಿತ್ತು, ಏನು ಕಂಡೀತು? ಮತ್ತೆ ಸುಮ್ನೆ ಕೆಣಕೋಣ ಅಂತ, ಮಧ್ಯಾಹ್ನ ನಿಮಗೂ ದಣಿವಾಗುತ್ತದಾ ಅಂದೆ. ನಕ್ಕರು. ಕ್ಲೀವ್‌ಲ್ಯಾಂಡಿನ ಒಂದು ಅಧ್ಯಯನದಲ್ಲಿ (2009) ಬೆಳಗ್ಗೆ ನೂರರಲ್ಲಿ 29 ಜನರಲ್ಲಿ ಗಂಟು ಸಿಕ್ಕರೆ ಮಧ್ಯಾಹ್ನ 25 ಜನರಲ್ಲಿ ಸಿಕ್ಕಿತ್ತಂತೆ. ಆದರೆ ಡಾಕ್ಟರುಗಳು ಅರ್ಧ ದಿನದ ಪಾಳಿಯಲ್ಲಿ ಮಾಡುವ ಕಡೆ ಈ ವ್ಯತ್ಯಾಸ ಕಂಡಿಲ್ಲವಂತೆ. ಹಾಗಾಗಿ ನನ್ನ ಡಾಕ್ಟರ್ ದಿನವಿಡೀ ಮಾಡುವುದೇ ಇಲ್ಲ. ಕ್ಯಾಮೆರಾವನ್ನು ಹೊರಗೆ ಎಳೆಯುತ್ತಾ ಹುಡುಕುವುದಕ್ಕೂ ಕಡಿಮೆ ಅಂದರೆ ಆರು ನಿಮಿಷ ಬೇಕು ಅನ್ನುತ್ತಿದ್ದರು, 2024ರಲ್ಲಿ ಇಲ್ಲಿ ಅದನ್ನು ಸರಾಸರಿ ಎಂಟಕ್ಕೆ ಏರಿಸಿದರು. 2006ರಲ್ಲಿ ಇಲ್ಲಿನ 12 ಡಾಕ್ಟರುಗಳನ್ನು ಹೋಲಿಸಿದಾಗ, ಆರು ನಿಮಿಷಕ್ಕಿಂತ ಬೇಗ ಮುಗಿಸುತ್ತಿದ್ದವರಿಗೆ ಸಿಕ್ಕಿದ್ದು ಉಳಿದವರ ಅರ್ಧಕ್ಕಿಂತ ಕಡಿಮೆ. ನಮ್ಮೂರಲ್ಲಾದರೆ "ಡಾಕ್ಟರ್ ಭಾರಿ ಚುರುಕು, ಐದು ನಿಮಿಷದಾಗ ಮುಗಿಸಿದ್ರು" ಅಂತ ಹೊಗಳುತ್ತೇವೆ, ಅಲ್ವಾ?

ನನಗೆ ಸಿಟ್ಟು ಬರುವುದು ತಡಕ್ಕಲ್ಲ. ಎರಡಕ್ಕೆ ಬರುವವರು ಎರಡಕ್ಕೆ ಅಂತ ಹೇಳಿದ್ದರೆ ಕಾಕಾ ಬೆಳಗ್ಗೆ ಒಂಬತ್ತಕ್ಕೆ ಕುಡಿಯುತ್ತಿದ್ದರು. ಎಂಟು ಅನ್ನುವುದು ರೋಗಿಗೆ ಹೇಳುವ ಟೈಮು, ಎರಡು ಅನ್ನುವುದು ಡಾಕ್ಟರ್ ಟೈಮು. ಎರಡೂ ಬೇರೆ ಅಂತ ಆ ಕೌಂಟರಿಗೆ ಗೊತ್ತಿತ್ತು.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಹೇಳಬೇಕು. ನನಗೆ ಇಲ್ಲಿ ದಿನ ಸಿಕ್ಕಿದ್ದು ಮೂರು ತಿಂಗಳ ಮೇಲೆ, ಕಾಕಾಗೆ ಮೂರನೇ ದಿನಕ್ಕೆ. ಬೆಳಗ್ಗೆ ಕುಡಿದು ಬೀಳಗಿಯಿಂದ ಬಸ್ ಹತ್ತುವುದು ಹೇಗೆ? ರಾತ್ರಿಯೇ ಮುಗಿಸಿ ಅಂದವರಿಗೆ ನಮ್ಮ ರಸ್ತೆ ಗೊತ್ತಿತ್ತು, ಅಷ್ಟೇ. ಮತ್ತೆ ಕಾಕು ಆಮೇಲೆ ಮೆಲ್ಲಗೆ ಒಂದು ಮಾತು ಬಾಯಿ ಬಿಟ್ಟರು. ಕಾಳು, ಬೀಜ ಬೇಡ ಅಂತ ಚೀಟಿಯಲ್ಲಿ ಬರೆದಿದ್ದರೂ ಕಾಕಾ ಹಿಂದಿನ ದಿನ ಮಧ್ಯಾಹ್ನ ರೊಟ್ಟಿಗೆ ಅಗಸಿ ಹಿಂಡಿ (ಅಗಸೆ ಬೀಜದ ಚಟ್ನಿಪುಡಿ) ಹಚ್ಚಿಕೊಂಡು ಉಂಡಿದ್ದರಂತೆ.

ಮೊನ್ನೆ ಫೋನಿನಲ್ಲಿ ನನ್ನ ಎರಡೂವರೆಯ ಅಲಾರಂ ಕಥೆ ಕಾಕಾಗೆ ಹೇಳಿದೆ, ಅಯ್ಯೋ ಪಾಪ ಅಂತಾರೆ ಅಂದುಕೊಂಡು.

"ಅದಕ್ಯಾಕೋ ಅಲಾರಂ? ಕರೆಂಟ್ ಬರೂದ ಆ ಹೊತ್ತಿಗೆ, ನಾ ಹೆಂಗೂ ಕಬ್ಬಿಗಿ ನೀರು ಬಿಡಾಕ ಎದ್ದಿರತೀನಿ" ಅಂದರು. "ಹೇಳಿದ್ರ ಅಲ್ಲೇ ಬದುವಿನ ಮ್ಯಾಲ ಕುಂತು ಕುಡೀತಿದ್ದೆ."