ಭಾರತ ರತ್ನಕ್ಕೆ ರೊಕ್ಕ ಎಷ್ಟು?

ಗಣರಾಜ್ಯೋತ್ಸವದ ದಿನ ಶಾಲೆಯಲ್ಲಿ ಭಾರತ ರತ್ನದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ನಾಲ್ಕನೇ ಇಯತ್ತೆಯ ನನ್ನ ಮೊಮ್ಮಗಳು ಹಾಳೆ, ಪೆನ್ಸಿಲ್ಲು ಹಿಡಿದು ಬಂದು ಕುಳಿತಳು. ಮೊದಲ ಪ್ರಶ್ನೆಯೇ, "ಅಜ್ಜಾ, ಅದಕ್ಕ ರೊಕ್ಕ ಎಷ್ಟ ಕೊಡ್ತಾರ?" ರೊಕ್ಕ ಕೊಡುವುದಿಲ್ಲ ಎಂದಾಗ ಅವಳ ಮುಖ ಇಳಿಯಿತು.

1954ರ ಜನವರಿ 2ರಂದು ಸ್ಥಾಪನೆಯಾದ ಈ ಗೌರವದಲ್ಲಿ ಸಿಗುವುದು ರಾಷ್ಟ್ರಪತಿಗಳ ಸಹಿಯಿರುವ ಸನ್ನದು ಮತ್ತು ಅರಳಿ ಎಲೆಯ ಆಕಾರದ ಪದಕ. ಓಣಿಯ ಹನುಮಪ್ಪನ ಗುಡಿಯ ಕಟ್ಟೆಯಿಂದ ಒಂದು ಅರಳಿ ಎಲೆ ತಂದು, ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದು, ನಡುವೆ ಸೂರ್ಯನನ್ನು, ಅದರ ಕೆಳಗೆ ದೇವನಾಗರಿಯಲ್ಲಿ 'ಭಾರತ ರತ್ನ' ಎಂದು ಬರೆದೆವು. ಎಲೆಯ ಉದ್ದನೆಯ ಬಾಲ ಹಾಳೆಯ ಹೊರಗೇ ಉಳಿಯಿತು.

ಪಡೆದವರ ಹೆಸರುಗಳನ್ನು ಓದುತ್ತ ಹೋದಾಗ 1987ರಲ್ಲಿ ಖಾನ್ ಅಬ್ದುಲ್ ಗಫಾರ್ ಖಾನ್ ಬಂದರು. ಪೇಶಾವರದ ಕಡೆಯ ಪಠಾಣರನ್ನು 'ಖುದಾಯಿ ಖಿದ್ಮತ್‌ಗಾರ್', ಅಂದರೆ ದೇವರ ಸೇವಕರು ಎಂಬ ಹೆಸರಿನಲ್ಲಿ ಒಗ್ಗೂಡಿಸಿ, ಕೈಯಲ್ಲಿ ಆಯುಧವಿಲ್ಲದೆ ಬ್ರಿಟಿಷರನ್ನು ಎದುರಿಸಿದವರು. ಬ್ರಿಟಿಷರು ಹೋದ ಮೇಲೆ ಪಾಕಿಸ್ತಾನದಲ್ಲಿಯೂ ವರ್ಷಗಟ್ಟಲೆ ಸೆರೆಮನೆ ಕಂಡವರು. "ಅವರು ನಮ್ಮ ದೇಶದವರಽ ಅಲ್ಲಲ್ಲ, ಅವರಿಗ್ಯಾಕ ಕೊಟ್ರು?" ಎಂದಳು. ದೊಡ್ಡವರೂ ಇದನ್ನೇ ಕೇಳುತ್ತಾರೆ, ಇನ್ನಷ್ಟು ಸಿಟ್ಟಿನಿಂದ.

ನಾನು ಅವಳ ಅತ್ತೆಯ ಮದುವೆಯನ್ನು ನೆನಪಿಸಿದೆ. ಎದುರು ಮನೆಯ ಕಾಕೂ ಮೂರು ದಿನ ನಮ್ಮ ಅಡುಗೆಮನೆಯಲ್ಲಿಯೇ ಇದ್ದರು, ಬೀಗರಿಗೆ ಬಡಿಸಿದವರೂ ಅವರೇ. ಮದುವೆ ಮುಗಿದ ಮೇಲೆ ಅವರನ್ನು ಮಣೆಯ ಮೇಲೆ ಕೂಡಿಸಿ, ಖಣ, ಅಕ್ಕಿ, ತೆಂಗಿನಕಾಯಿ ಹಾಕಿ ಉಡಿ ತುಂಬಿದೆವು. ಅದು ಕೂಲಿಯಲ್ಲ, ಕೂಲಿ ಕೊಡಹೋಗಿದ್ದರೆ ಅವರು ನೊಂದುಕೊಳ್ಳುತ್ತಿದ್ದರು. ನಮ್ಮ ಮನೆಯವರಲ್ಲ ಎಂಬ ಕಾರಣಕ್ಕೆ ಉಡಿ ತುಂಬದೆ ಕಳಿಸಿದ್ದರೆ ಸಣ್ಣವರಾಗುತ್ತಿದ್ದವರು ನಾವು. ಗಡಿಯಾಚೆಯ ಒಬ್ಬ ಮುದುಕರಿಗೆ ಈ ದೇಶ ಪದಕ ಕೊಟ್ಟದ್ದೂ ಹೀಗೆಯೇ ಎಂದಾಗ ಅವಳಿಗೆ ತಿಳಿಯಿತು. ಸ್ವಾತಂತ್ರ್ಯದ ಹೋರಾಟದಲ್ಲಿ ಅವರು ನಮ್ಮವರ ಜೊತೆಗೇ ನಿಂತಿದ್ದರಲ್ಲ.

1990ರಲ್ಲಿ ನೆಲ್ಸನ್ ಮಂಡೇಲಾ ಅವರಿಗೂ ಇದೇ ಗೌರವ ಸಂದಿತು. ಇಪ್ಪತ್ತೇಳು ವರ್ಷಗಳ ಸೆರೆವಾಸದಿಂದ ಅವರು ಹೊರಬಂದದ್ದು ಅದೇ ವರ್ಷ. ದಕ್ಷಿಣ ಆಫ್ರಿಕಾದ ಅಧ್ಯಕ್ಷರಾದದ್ದು 1994ರಲ್ಲಿ. ಈ ಗೌರವ ಸಂದಾಗ ಅವರ ಕೈಯಲ್ಲಿ ಯಾವ ಅಧಿಕಾರವೂ ಇರಲಿಲ್ಲ ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕೆಂದು ನನ್ನ ಅಭಿಪ್ರಾಯ. ಇಲ್ಲವಾದರೆ ದೊಡ್ಡ ಕುರ್ಚಿಯಲ್ಲಿ ಕುಳಿತವರಿಗೇ ದೊಡ್ಡ ಪದಕ ಎಂದು ಅವರು ತಿಳಿಯುತ್ತಾರೆ.

ಇನ್ನೊಂದು ಮಾತು. ಅವಳು ತನ್ನ ಹಾಳೆಯ ತುದಿಯಲ್ಲಿ 'ಭಾರತ ರತ್ನ ಭೀಮಸೇನ ಜೋಶಿ' ಎಂದು ಬರೆದಿದ್ದಳು. ಗದುಗಿನ ಬ್ಯಾನರುಗಳಿಂದ ಹಿಡಿದು ಹುಬ್ಬಳ್ಳಿಯ ಸಭಾಭವನಗಳವರೆಗೆ ನಾವೆಲ್ಲ ಹಾಗೆಯೇ ಬರೆಯುತ್ತೇವೆ. ಆದರೆ ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದುಪಡಿಸಿದೆ. ಭಾರತ ರತ್ನ ಬಿರುದಲ್ಲ, ಆದ್ದರಿಂದ ಹೆಸರಿನ ಹಿಂದೆ ಮುಂದೆ ಅದನ್ನು ಸೇರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಅವಳು ರಬ್ಬರಿನಿಂದ ಅಳಿಸಿ, 'ಭೀಮಸೇನ ಜೋಶಿ, 2008ರ ಭಾರತ ರತ್ನ ಪುರಸ್ಕೃತರು' ಎಂದು ಹೊಸದಾಗಿ ಬರೆದಳು.

ಹಲವು ವರ್ಷಗಳ ಹಿಂದೆ ನಮ್ಮ ಓಣಿಯ ಸಂಗೀತ ಸಭೆಯ ಆಮಂತ್ರಣ ಪತ್ರಿಕೆಯನ್ನು ಬರೆದವನು ನಾನೇ. ಅದರಲ್ಲಿ ಅವರ ಹೆಸರಿನ ಮುಂದೆ 'ಭಾರತ ರತ್ನ' ದಪ್ಪ ಅಕ್ಷರಗಳಲ್ಲಿದೆ. ಪತ್ರಿಕೆ ಇನ್ನೂ ಕಪಾಟಿನಲ್ಲಿದೆ, ಅವಳಿಗೆ ತೋರಿಸಿಲ್ಲ.